ಹದಿನಾಲ್ಕು ರಾತ್ರಿಯ ಅತಿಥಿ

ಕಂಪನಿ ಕೊಟ್ಟ ಮನೆಯಲ್ಲಿ ಇರುವವನಿಗೆ ಏನೂ ನಡೆಯದ ವಾರ ಅಂತ ಒಂದು ಇರುವುದಿಲ್ಲ. ಏನೂ ನಡೆಯದಿದ್ದರೆ, ಯಾಕೆ ನಡೆಯಲಿಲ್ಲ ಎಂಬ ಚಿಂತೆಯಲ್ಲೇ ಆ ವಾರ ಕಳೆದುಹೋಗುತ್ತದೆ.

ನಮ್ಮದು ವಿಮಾನಗಳಿಗೆ ಊಟ ಕಳಿಸುವ ಕಂಪನಿ. ಅದರ ದೊಡ್ಡ ಅಡುಗೆಮನೆಯಲ್ಲಿ ನಾನು ಶಿಫ್ಟ್ ಸೂಪರ್‌ವೈಸರ್. ಇಂಗ್ಲಿಷರ ನಾಡಿನಲ್ಲಿ, ವಿಮಾನ ನಿಲ್ದಾಣದ ಪಕ್ಕದ ಹೇಸ್ ಎಂಬಲ್ಲಿ ಕಂಪನಿಯದೇ ಒಂದು ಕಾಂಪೌಂಡ್ ಇದೆ. ಒಂದು ಗೇಟು, ಒಂದು ಬೆಂಚು, ಒಂದು ಕಟ್ಟಡ, ಅದರಲ್ಲಿ ಎಂಟು ಫ್ಲಾಟು. ಕೆಳಗಿನ ಎರಡನ್ನು ಹಲಗೆ ಹೊಡೆದು ಮುಚ್ಚಿ ಏನೋ ರಿಪೇರಿ ಮಾಡುತ್ತಿದ್ದರು. ಮೇಲಿನ ಆರರಲ್ಲಿ ನಾವು ಆರು ಸಂಸಾರ. ತಲೆಯ ಮೇಲೆ ಎರಡೆರಡು ನಿಮಿಷಕ್ಕೊಂದು ವಿಮಾನ ಹೋಗುತ್ತದೆ. ನಮಗೆ ಅದು ಕೇಳಿಸುವುದಿಲ್ಲ, ಊರಿಂದ ಫೋನ್ ಮಾಡಿದವರಿಗೆ ಮಾತ್ರ ಕೇಳಿಸುತ್ತದೆ.

ಈ ಮನೆಗೆ ಇಪ್ಪತ್ತಾರು ಪುಟದ ನಿಯಮಾವಳಿ ಇದೆ. ಅದರ ಸಾರಾಂಶ ಇಷ್ಟೇ: ತಪ್ಪು ಮಾಡಿದರೆ ಒಂದು ಕಾಗದ ಬರುತ್ತದೆ. ಮೂರು ಕಾಗದ ಬಂದರೆ ತಿಂಗಳೊಳಗೆ ಮನೆ ಖಾಲಿ ಮಾಡಬೇಕು. ಮಗಳ ಶಾಲೆ ರಸ್ತೆಯ ಆಚೆ ಬದಿಗೇ ಇದೆ, ನನ್ನ ಕೆಲಸ ಹತ್ತು ನಿಮಿಷದ ನಡಿಗೆ. ಈ ಮನೆ ಹೋದರೆ ಎರಡೂ ಹೋದ ಹಾಗೆ ಅಂತ ನನ್ನ ಲೆಕ್ಕ. ನಾನು ಹುಟ್ಟಾ ಪುಕ್ಕಲ. ಇಪ್ಪತ್ತಾರು ಪುಟವನ್ನೂ ಪೂರ್ತಿ ಓದಿದವನು ಆ ಕಟ್ಟಡದಲ್ಲಿ ನಾನೊಬ್ಬನೇ. ಮೊದಲ ಎರಡು ಕಾಗದ ಬಂದದ್ದೂ ನನಗೊಬ್ಬನಿಗೇ.

ಉಕ್ಕಿಸಿದ ಹಾಲು

ಬೀಗದ ಕೈ ಕೊಡುವ ದಿನ ಹೌಸಿಂಗ್ ಮೇಡಂ ಬಂದಿದ್ದರು. ಕಂಪನಿಯ ಮನೆಗಳೆಲ್ಲ ಅವರ ಉಸ್ತುವಾರಿ. ತುಂಬ ಒಳ್ಳೆಯ ಹೆಂಗಸು, ಕೈಯಲ್ಲಿ ಯಾವಾಗಲೂ ಒಂದು ಪಟ್ಟಿ. ಅವರು ಚಮಚ, ಕುರ್ಚಿ, ಪರದೆ ಎಣಿಸುತ್ತಿದ್ದರೆ ಇತ್ತ ನನ್ನ ಹೆಂಡತಿ ಹೊಸ ಪಾತ್ರೆಗೆ ಅರಿಶಿನ ಕುಂಕುಮ ಹಚ್ಚಿ, ಹಾಲು ತುಂಬಿ, ಇಂಡಕ್ಷನ್ ಒಲೆಯ ಮೇಲಿಟ್ಟಳು. ಹೊಸ ಮನೆ ಹೊಕ್ಕ ಮೇಲೆ ಹಾಲು ಉಕ್ಕಬೇಕಲ್ಲ. ಕುಂದಾಪುರದಿಂದ ನನ್ನ ಅಮ್ಮ ವಿಡಿಯೋದಲ್ಲಿ ಹಾಜರು. ಫೋನನ್ನು ಕಿಟಕಿಗೆ ಒರಗಿಸಿ ಇಟ್ಟಿದ್ದೆವು.

ಹಾಲು ಏರಿತು. ಇನ್ನೇನು ಉಕ್ಕಬೇಕು, ಮೇಡಂ ಪಟ್ಟಿ ಎಸೆದು ಓಡಿ ಬಂದು ಪಾತ್ರೆ ಎತ್ತಿಬಿಟ್ಟರು. "ಸ್ವಲ್ಪದರಲ್ಲಿ ತಪ್ಪಿತು!" ಅಂದರು. ನಾನು ಥ್ಯಾಂಕ್ಸ್ ಹೇಳಿದೆ. ಹೆದರಿದವನ ಬಾಯಲ್ಲಿ ಮೊದಲು ಬರುವುದು ಥ್ಯಾಂಕ್ಸೇ.

ಎರಡನೆಯ ಸಲ ಇಟ್ಟೆವು. ಮೇಡಂ ಈಗ ಒಲೆಯ ಹತ್ತಿರವೇ ನಿಂತಿದ್ದರು, ಹಾಲು ಏರುತ್ತಲೇ ಒಲೆ ಆರಿಸಿದರು.

ಫೋನಿನಿಂದ ಅಮ್ಮ ಕೂಗಿದರು: "ಅದ್ಯಾರ್ ಮಾರಾಯಾ ಆ ಹೆಂಗ್ಸ್? ಹಾಲ್ ಉಕ್ಕುಕೆ ಬಿಡುದಿಲ್ಯಲೆ!"

ಹೆಂಡತಿ ನನಗೆ ಕಣ್ಸನ್ನೆ ಮಾಡಿದಳು. ನಾನು ಮೇಡಂ ಅವರನ್ನು ಬಾತ್‌ರೂಮಿಗೆ ಕರೆದುಕೊಂಡು ಹೋಗಿ ಫ್ಲಶ್ಶಿನ ಬಗ್ಗೆ ಪ್ರಶ್ನೆ ಕೇಳತೊಡಗಿದೆ. ದೊಡ್ಡ ಬಟನ್ ಯಾವುದಕ್ಕೆ, ಚಿಕ್ಕ ಬಟನ್ ಯಾವುದಕ್ಕೆ, ಎರಡನ್ನೂ ಒಟ್ಟಿಗೆ ಒತ್ತಿದರೆ ಏನಾಗುತ್ತದೆ. ಅವರು ತಾಳ್ಮೆಯಿಂದ ವಿವರಿಸುತ್ತಿದ್ದಂತೆ ಅಡುಗೆಮನೆಯಿಂದ ಚೀರುವ ಸದ್ದು ಬಂತು. ಹಾಲು ಉಕ್ಕಿ ಒಲೆಯ ಗುಂಡಿಗಳ ಮೇಲೆಲ್ಲ ಹರಿದಿತ್ತು. ಒಲೆ ನಾಲ್ಕು ಸಲ ಅರಚಿಕೊಂಡು, ದೀಪ ಮಿಣುಕಿಸಿ, ತೆಪ್ಪಗಾಯಿತು. ಮೇಡಂ ಓಡಿ ಬಂದು ನೋಡುವಾಗ ಹೆಂಡತಿ ಮಗಳು ಇಬ್ಬರೂ ಕೆಟ್ಟುಹೋದ ಒಲೆಗೆ ಕೈಮುಗಿದು ನಿಂತಿದ್ದರು, ಫೋನಿನೊಳಗೆ ನನ್ನ ಅಮ್ಮ ಚಪ್ಪಾಳೆ ತಟ್ಟುತ್ತಿದ್ದರು.

ಮೊದಲ ಕಾಗದ ಮಾರನೆಯ ದಿನವೇ ಬಂತು: ಒಲೆಯ ಅಜಾಗರೂಕ ಬಳಕೆ. ಜೊತೆಗೆ, ಪಾಪ, ಮೇಡಂ ಕಾಳಜಿಯಿಂದ ಒಂದು ಚಿತ್ರಪಟವನ್ನೂ ಲಗತ್ತಿಸಿದ್ದರು. 'ಹಾಲನ್ನು ಸುರಕ್ಷಿತವಾಗಿ ಕಾಯಿಸುವ ಐದು ಹಂತಗಳು.' ಆ ದಿನ ನನ್ನ ಶಿಫ್ಟಿನಲ್ಲಿ ಪಾಯಸಕ್ಕೆ ಇನ್ನೂರು ಲೀಟರ್ ಹಾಲು ಕಾಯುತ್ತಿತ್ತು. ನಾನು ಜೇಬಿನಿಂದ ಆ ಚಿತ್ರಪಟದ ಚೀಟಿ ತೆಗೆದು ಮೂರನೆಯ ಹಂತವನ್ನು ಇನ್ನೊಮ್ಮೆ ಓದಿಕೊಂಡೆ.

ಮೂವತ್ತೆರಡು ಜೊತೆ

ಎರಡನೆಯ ಕಾಗದಕ್ಕೆ ಕಾರಣ ಸತ್ಯನಾರಾಯಣ ಪೂಜೆ. ಒಲೆಯ ದೋಷ ಪರಿಹಾರವಾಗಲಿ ಎಂದೇ ಇಟ್ಟುಕೊಂಡದ್ದು ಅನ್ನುವುದನ್ನು ಇಲ್ಲಿ ಹೇಳಲೇಬೇಕು.

ಕಾಂಪೌಂಡಿನವರಲ್ಲದೆ ಫೆಲ್ಥಮ್‌ನಿಂದ, ಕ್ವೀನ್ಸ್‌ಬರಿಯಿಂದ ಕೂಡ ಜನ ಬಂದಿದ್ದರು. ಬಂದವರೆಲ್ಲ ರೂಢಿಯಂತೆ ಬಾಗಿಲ ಹೊರಗೆ ಚಪ್ಪಲಿ, ಬೂಟು ಬಿಟ್ಟು ಒಳಗೆ ಬಂದರು. ಕಾರಿಡಾರಿನಲ್ಲಿ ಏನನ್ನೂ ಇಡಬಾರದು, ಬೆಂಕಿ ಬಿದ್ದರೆ ಓಡುವ ದಾರಿ ಅದು ಎಂದು ಹದಿನೇಳನೆಯ ಪುಟದಲ್ಲಿದೆ. ನನಗೆ ಗೊತ್ತಿತ್ತು. ಆದರೆ ಬಂದ ನೆಂಟರಿಗೆ ಬೂಟು ಹಾಕಿಕೊಂಡೇ ದೇವರ ಮುಂದೆ ಕೂರಿ ಅಂತ ಹೇಳಲಾದೀತೇ? ಮೂರನೆಯ ಅಧ್ಯಾಯದವರೆಗೆ ನನ್ನ ಒಂದು ಕಣ್ಣು ಕಲಶದ ಮೇಲೆ, ಇನ್ನೊಂದು ಬಾಗಿಲ ಮೇಲೆ ಇತ್ತು.

ನಾಲ್ಕನೆಯ ಅಧ್ಯಾಯಕ್ಕೆ ಬೆಲ್ ಆಯಿತು. ಕಟ್ಟಡದ ಫೈರ್ ವಾರ್ಡನ್ ಬಾಗಿಲಲ್ಲಿ ನಿಂತಿದ್ದ, ಆರಡಿ ಆಳು. "ಇದೇನಿದು ದಾರಿಯಲ್ಲಿ?" ಎಂದು ಕೇಳುವ ಮೊದಲೇ ನನ್ನ ಹೆಂಡತಿ, "ಬನ್ನಿ ಬನ್ನಿ, ಪೂಜೆ ನಡೀತಿದೆ. ಶೂ ಅಲ್ಲೇ ಬಿಟ್ಟು ಒಳಗೆ ಬನ್ನಿ" ಅಂದಳು. ಅವಳ ಇಂಗ್ಲಿಷಿನಲ್ಲೂ ಮೈಸೂರಿನ ಉಪಚಾರ ಇರುತ್ತದೆ, ಇಲ್ಲ ಅನ್ನುವುದು ಕಷ್ಟ. ಆತ ಗೊಂದಲದಲ್ಲೇ ತನ್ನ ಬೂಟು ಬಿಚ್ಚಿಟ್ಟು ಒಳಗೆ ಬಂದ, ಹಿಂದಿನ ಸಾಲಿನಲ್ಲಿ ಕೂತ. ಕಥೆ ಮುಗಿಯುವವರೆಗೆ ಎದ್ದು ಹೋಗಬಾರದು ಅಂತ ಯಾರೋ ಕಿವಿಯಲ್ಲಿ ಹೇಳಿದರು. ಎರಡು ಸಲ ಸಪಾದ ಭಕ್ಷ್ಯ ಹಾಕಿಸಿಕೊಂಡು ತಿಂದ.

ಅಷ್ಟರಲ್ಲಿ ಅವನ ಜೊತೆಗಾರ ತಳ್ಳುಗಾಡಿ ತಂದು, ಮೊದಲೇ ಆಗಿದ್ದ ಆದೇಶದಂತೆ, ಕಾರಿಡಾರಿನಲ್ಲಿದ್ದುದನ್ನೆಲ್ಲ ಕಪ್ಪು ಚೀಲಗಳಿಗೆ ತುಂಬಿಕೊಂಡು ಹೋಗಿದ್ದ.

ಮಂಗಳಾರತಿ, ಪ್ರಸಾದ ಆದ ಮೇಲೆ ಎಲ್ಲರೂ ಹೊರಗೆ ಬಂದು ನೋಡಿದರೆ ಕಾರಿಡಾರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಜನವರಿಯ ಚಳಿಯಲ್ಲಿ ರೇಷ್ಮೆ ಸೀರೆಯವರು, ಪಂಚೆಯವರು, ಕಾಲುಚೀಲದ ವಾರ್ಡನ್, ಎಲ್ಲರೂ ಸಾಲಾಗಿ ಕಾರ್ ಪಾರ್ಕಿಂಗ್‌ವರೆಗೆ ಕುಪ್ಪಳಿಸುತ್ತ ಹೋದೆವು. ಅಲ್ಲಿ ಚೀಲ ಸುರಿದು ಹುಡುಕಾಟ. ಎರಡನೇ ಮಹಡಿಯ ಹುಬ್ಬಳ್ಳಿಯವರಿಗೆ ಅವರ ಎಡಗಾಲಿನದು ಸಿಕ್ಕಿತು, ಬಲಗಾಲಿನದು ಇಂದಿಗೂ ಸಿಕ್ಕಿಲ್ಲ.

ಎರಡನೆಯ ಕಾಗದದಲ್ಲಿ ಹೀಗಿತ್ತು: ದಾರಿಗೆ ಅಡ್ಡಿಯಾಗಿದ್ದ ಪಾದರಕ್ಷೆಗಳು ಒಟ್ಟು ಮೂವತ್ತೆರಡು ಜೊತೆ, ಅವುಗಳಲ್ಲಿ ಉಕ್ಕಿನ ತುದಿಯ ಕಪ್ಪು ಸುರಕ್ಷತಾ ಬೂಟು ಒಂದು ಜೊತೆ. ಕೆಳಗೆ ಆ ಬೂಟಿನ ಯಜಮಾನನದೇ ಸಹಿ.

ಬೆಂಚಿನ ಮೇಲೆ ಅಮ್ಮ

ಎರಡು ಕಾಗದ ಆದ ಮೇಲೆ ನಾನು ಕಾಲ ಬೆರಳ ತುದಿಯ ಮೇಲೆ ಓಡಾಡತೊಡಗಿದೆ. ಅಂಥ ಹೊತ್ತಿನಲ್ಲಿ ಅಮ್ಮ ಬಂದರು, ಆರು ತಿಂಗಳ ವೀಸಾದಲ್ಲಿ.

ನಿಯಮದ ಪ್ರಕಾರ ಅತಿಥಿಗಳು ಹದಿನಾಲ್ಕು ರಾತ್ರಿಗಿಂತ ಹೆಚ್ಚು ಇರುವಂತಿಲ್ಲ. ನಮ್ಮದು ಒಂದು ಬೆಡ್‌ರೂಮು, ಒಂದು ಹಾಲ್. ಅಜ್ಜಿ ಮೊಮ್ಮಗಳಿಗೆ ಹಾಲ್‌ನಲ್ಲಿ ಹಾಸಿಗೆ.

"ರೀ, ಅತ್ತೆಗೆ ಹಾಲ್‌ನಲ್ಲಿ ಮಲಗೋಕೆ ಕಷ್ಟ ಆಗುತ್ತೆ. ಮೇಡಂನ ಒಂದು ಮಾತು ಕೇಳಬಾರದಾ, ದೊಡ್ಡ ಮನೆ ಇದ್ದರೆ ಕೊಡಿ ಅಂತ?" ಎಂದಳು ಹೆಂಡತಿ.

"ಕೇಳಿದರೆ ಅಮ್ಮ ಇರೋದು ಗೊತ್ತಾಗುತ್ತೆ. ಗೊತ್ತಾದರೆ ಮೂರನೇ ಕಾಗದ" ಅಂದೆ.

"ಕೇಳದೇ ಇದ್ದರೆ?"

"ಕೇಳದೇ ಇದ್ದರೆ ಹೀಗೇ ಇರಬಹುದು."

ಹೀಗೇ ಇರುವುದು ಅಂದರೆ ಏನು ಅಂತ ಹದಿನೈದನೆಯ ದಿನ ಗೊತ್ತಾಯಿತು. ಅಮ್ಮನನ್ನು ಕಿಟಕಿಯಿಂದ ದೂರ ಇಟ್ಟೆ. ಸೀರೆಯನ್ನು ಬಾತ್‌ರೂಮಿನಲ್ಲೇ ಒಣಗಿಸಲು ಹೇಳಿದೆ. ಅಮ್ಮ ಎರಡು ದಿನ ನನ್ನ ಮಾತು ಕೇಳಿದರು, ಮೂರನೆಯ ದಿನ ಕೇಳಲಿಲ್ಲ. ನಾನು ಕೆಲಸ ಮುಗಿಸಿ ಬರುವಾಗ ಗೇಟಿನ ಪಕ್ಕದ ಬೆಂಚಿನ ಮೇಲೆ ಕೂತು, ಬಂದುಹೋಗುವವರಿಗೆಲ್ಲ ಬೆರಳು ಮಡಚಿ ಆರು ತೋರಿಸುತ್ತಿದ್ದರು. ಎಷ್ಟು ತಿಂಗಳು ಇರುತ್ತೀರಿ ಎಂದು ಯಾರೂ ಕೇಳಿರಲಿಲ್ಲ, ಅವರೇ ಹೇಳುತ್ತಿದ್ದದ್ದು. ಗೇಟಿನ ಕಾವಲುಗಾರನಿಗೂ ಹೇಳಿಯಾಗಿತ್ತು, ಅವನ ಕೈಯಲ್ಲಿ ಕೋಡುಬಳೆ ಇತ್ತು.

"ಅಮ್ಮ, ಸ್ವಲ್ಪ ಮರೆಯಲ್ಲಿರು ಅಂದಿದ್ದೆನಲ್ಲ?"

"ನಾನೆಂತ ಕದ್ಕಂಡ್ ಬಂದದ್ದಾ? ಮಗನ ಮನಿಗ್ ಬಂದದ್ದ್" ಅಂದರು.

ನನಗೆ ನಾಚಿಕೆಯಾಯಿತು. ಆದರೆ ಭಯ ಅದಕ್ಕಿಂತ ದೊಡ್ಡದಿತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ. ಮಗಳು ಒಂದು ಸಂಜೆ ತಲೆ ಎತ್ತಿ, "ಡ್ಯಾಡಿ, ಈಸ್ ಅಜ್ಜಿ ಇಲ್ಲೀಗಲ್?" ಎಂದು ಕೇಳಿದಳು.

"ಛೆ, ಇಲ್ಲ ಪುಟ್ಟಾ. ಈ ದೇಶದಲ್ಲಿ ಎಲ್ಲಿ ಬೇಕಾದರೂ ಇರಬಹುದು. ನಮ್ಮ ಮನೆಯಲ್ಲಿ ಮಾತ್ರ ಇರೋ ಹಾಗಿಲ್ಲ" ಅಂದೆ.

ಲಿಫ್ಟು ಮೇಲಕ್ಕೆ ಹೋಯಿತು

ಜೂನಿನಲ್ಲಿ ಒಂದು ಇಮೇಲ್ ಬಂತು. ಬುಧವಾರ ಹತ್ತು ಗಂಟೆಗೆ ಹೌಸಿಂಗ್ ಮೇಡಂ ಪ್ರತಿ ಮನೆಗೂ ಬರುತ್ತಾರೆ, ಮನೆಯಲ್ಲಿ ವಾಸವಿರುವವರೆಲ್ಲರೂ ದಯವಿಟ್ಟು ಹಾಜರಿರಬೇಕು.

ಕಟ್ಟಡಕ್ಕೇ ಜ್ವರ ಬಂತು. ಏಕೆಂದರೆ ಬೇಸಿಗೆ ನೋಡಿಕೊಂಡು ಊರಿಂದ ಹಿರಿಯರನ್ನು ಕರೆಸಿಕೊಂಡವನು ನಾನೊಬ್ಬನೇ ಅಲ್ಲ. ಹುಬ್ಬಳ್ಳಿಯವರ ಅಪ್ಪ ಅಮ್ಮ ಇದ್ದರು, ಬೆಂಗಳೂರಿನ ಅಕೌಂಟೆಂಟರ ಅತ್ತೆ ಇದ್ದರು, ನಮ್ಮ ಎದುರು ಮನೆಯ ಗುಜರಾತಿಯವರ ತಂದೆ ತಾಯಿ ಇದ್ದರು. ನನ್ನ ಅಮ್ಮನೂ ಸೇರಿ ಒಟ್ಟು ಆರು ಜನ. ಎಲ್ಲರಿಗೂ ಹದಿನಾಲ್ಕು ರಾತ್ರಿ ಎಂದೋ ದಾಟಿತ್ತು.

"ಏನ್ ಹೆದರ್ತೀರಿ ಸರ, ನಾ ಅದೀನಿ" ಅಂದರು ಹುಬ್ಬಳ್ಳಿಯವರು. "ಮೇಡಂ ಯಾವಾಗ್ಲೂ ಕೆಳಗಿಂದ ಮ್ಯಾಲ ಹೋಗ್ತಾರ. ಮುಂಜಾನೆನ ಎಲ್ಲಾ ಹಿರ್ಯಾರನ್ನ ಮ್ಯಾಲಿನ ಮನ್ಯಾಗ ಕುಂಡ್ರಸೋಣ. ಆಕಿ ಎರಡನೇ ಮಹಡಿಗೆ ಬಂದ ಕೂಡ್ಲೆ ಇವರನ್ನ ಲಿಫ್ಟಿನ್ಯಾಗ ಕೆಳಗ ಇಳಿಸಿ ಬಸ್‌ಸ್ಟಾಪಿಗೆ ಕಳ್ಸೋದು. ಮುಗೀತು."

ಮೇಲಿನ ಮನೆ ಅಂದರೆ ಮೂರನೇ ಮಹಡಿಯ ಹೊಸ ಜೋಡಿಯ ಮನೆ. ಮದುವೆಯಾಗಿ ಎಂಟು ತಿಂಗಳಾದ, ಬೆಂಗಳೂರಿನ ಹುಡುಗ ಹುಡುಗಿ. ಇಡೀ ಕಟ್ಟಡದಲ್ಲಿ ಹೆಚ್ಚುವರಿ ಜನ ಇಲ್ಲದ ಎರಡು ಮನೆಗಳಲ್ಲಿ ಅವರದೂ ಒಂದು. "ಆಯ್ತು ಅಣ್ಣ" ಅಂದುಬಿಟ್ಟಳು ಆ ಹುಡುಗಿ, ಪಾಪ, ಒಂದು ಮಾತು ಹೆಚ್ಚಿಗೆ ಕೇಳದೆ.

ಬುಧವಾರ ಒಂಬತ್ತೂವರೆಗೆ ಆರು ಜನರನ್ನೂ ಮೇಲೆ ಸಾಗಿಸಿದೆವು. ಅಮ್ಮ ಹೊರಡುವಾಗ ಚಕ್ಕುಲಿ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡರು. ಅಮ್ಮನ ಹಾಸಿಗೆ ಸುತ್ತಿ ಮಂಚದಡಿ ತಳ್ಳಿದೆ, ಹಲ್ಲುಸೆಟ್ಟಿನ ಬಟ್ಟಲನ್ನು ಫ್ರಿಜ್ಜಿನಲ್ಲಿ ಬಚ್ಚಿಟ್ಟೆ.

ಹತ್ತಕ್ಕೆ ಸರಿಯಾಗಿ ಮೇಡಂ ಕಾರಿನಿಂದ ಇಳಿದರು. ಕೈಯಲ್ಲಿ ಊರುಗೋಲು. ಮೊಣಕಾಲಿಗೆ ಬ್ಯಾಂಡೇಜು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದಂತೆ ಲಿಫ್ಟು ನಮ್ಮ ಮಹಡಿಯಲ್ಲಿ ನಿಲ್ಲದೆ ಮೇಲೆ ಹೋಯಿತು. ಎರಡು. ಮೂರು. ಅಲ್ಲಿ ನಿಂತಿತು. ನೋವಿರುವ ಕಾಲಿಗೆ ಹತ್ತುವುದಕ್ಕಿಂತ ಇಳಿಯುತ್ತ ಬರುವುದು ಸುಲಭ ಅಂತ ಅವರ ಲೆಕ್ಕವಂತೆ.

ನಾನು ಆ ಹುಡುಗಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಹುಬ್ಬಳ್ಳಿಯವರಿಗೆ ಮಾಡಿದೆ, "ಸರ, ನಾ ಈಗ ಕೆಲಸದಾಗ ಅದೀನಿ" ಅಂದರು. ಅವರ ದನಿ ಎರಡನೇ ಮಹಡಿಯಿಂದ ನನಗೆ ನೇರವಾಗಿಯೇ ಕೇಳಿಸುತ್ತಿತ್ತು.

ಮೇಲೆ ಆದದ್ದನ್ನು ಆಮೇಲೆ ಆ ಹುಡುಗಿಯೇ ಹೇಳಿದಳು. ಬಾಗಿಲು ತೆಗೆದರೆ ಮೇಡಂ. ಒಳಗೆ ಸೋಫಾದ ಮೇಲೆ ನಾಲ್ಕು ಜನ, ಚಾಪೆಯ ಮೇಲೆ ಇಬ್ಬರು. ನನ್ನ ಅಮ್ಮ ಮತ್ತು ಗುಜರಾತಿ ಅಜ್ಜಿ ಒಬ್ಬರಿಗೊಬ್ಬರ ಭಾಷೆ ತಿಳಿಯದೆ ಒಂದೇ ಸಮ ಮಾತಾಡುತ್ತಿದ್ದರು.

"ಇವರೆಲ್ಲ ಇಲ್ಲೇ ಇರುವವರೇ?" ಎಂದರು ಮೇಡಂ.

"ಅಲ್ಲ ಅಂದ್ರೆ ಯಾರ ಮನೆಯವರು ಅಂತ ಕೇಳ್ತಿದ್ರು ಅಣ್ಣ. ನಿಮಗೆಲ್ಲ ಕಾಗದ ಬರ್ತಿತ್ತು. ಬೇರೆ ದಾರಿನೇ ಕಾಣ್ಲಿಲ್ಲ. ಹೂಂ, ಇಲ್ಲೇ ಇರೋದು, ನಮ್ಮದು ಒಟ್ಟು ಕುಟುಂಬ ಅಂದುಬಿಟ್ಟೆ" ಎಂದಳು ಹುಡುಗಿ.

ಮೇಡಂ ಆರೂ ಜನರ ಹೆಸರು ಬರೆದುಕೊಂಡರು. ಅಮ್ಮ ಅವರನ್ನು ಕೂರಿಸಿ ಚಕ್ಕುಲಿ ತಿನ್ನಿಸಿ, ಹಣೆಗೆ ಕುಂಕುಮ ಇಟ್ಟು ಕಳಿಸಿದರು.

ಆ ಕುಂಕುಮದ ಹಣೆಯಲ್ಲೇ ಮೇಡಂ ಕೊನೆಗೆ ನಮ್ಮ ಮನೆಗೆ ಬಂದರು. ಕುಂಕುಮ ನೋಡಿ ನಾನು ಥ್ಯಾಂಕ್ಸ್ ಅಂದುಬಿಟ್ಟೆ.

"ನೀವು ಎಷ್ಟು ಜನ?"

"ಮೂರೇ, ಮೇಡಂ."

"ಹಿರಿಯರು ಯಾರೂ ಇಲ್ಲವೇ? ಊರಿಂದ ಬಂದವರು?"

"ಯಾರೂ ಇಲ್ಲ."

"ಖಂಡಿತವಾಗಿ?"

"ಖಂಡಿತವಾಗಿ ಯಾರೂ ಇಲ್ಲ, ಮೇಡಂ."

ಅವರು ಯಾಕೋ ಮರುಕದಿಂದ ನನ್ನನ್ನು ನೋಡಿ ಮೂರು ಅಂತ ಬರೆದುಕೊಂಡು ಹೋದರು. ಗೆದ್ದೆ ಅಂದುಕೊಂಡೆ. ಹೆಂಡತಿ ಮಾತ್ರ ಮಂಚದಡಿಯಿಂದ ಅಮ್ಮನ ಹಾಸಿಗೆ ಎಳೆದು, ಕೊಡವಿ, ಹಾಸಿದಳು. ನನ್ನ ಬಾಯಿಂದಲೇ ಅಮ್ಮ ಇಲ್ಲ ಅಂತ ಹೇಳಿದ್ದೆ, ಅದೂ ಎರಡು ಸಲ. ಮಧ್ಯಾಹ್ನ ಅಮ್ಮ ಇಳಿದು ಬಂದಾಗ ಮಗಳು ಅದನ್ನು ಅಕ್ಷರ ಬಿಡದೆ ಒಪ್ಪಿಸಿದಳು.

ತೋಟದ ಮನೆ

ಹತ್ತು ದಿನಕ್ಕೆ ಎಲ್ಲರಿಗೂ ಒಂದು ಕಾಗದ ಬಂತು. ಒಡೆದು ನೋಡಿದೆ. ಮೂರನೆಯದು ಅಲ್ಲ.

ಕೆಳಗಿನ ಎರಡು ಫ್ಲಾಟುಗಳನ್ನು ಸೇರಿಸಿ ಮೂರು ಬೆಡ್‌ರೂಮಿನ ಮನೆ ಮಾಡಿದ್ದಾರಂತೆ, ಹಿಂದೆ ಸಣ್ಣ ತೋಟವೂ ಇದೆಯಂತೆ. ನೌಕರರ ತಂದೆ ತಾಯಂದಿರು ಬಂದರೆ ಇನ್ನು ಮೇಲೆ ಆರು ತಿಂಗಳು ಇರಬಹುದಂತೆ. ಯಾವ ಸಂಸಾರದಲ್ಲಿ ಹೆಚ್ಚು ಜನ ಇಕ್ಕಟ್ಟಿನಲ್ಲಿದ್ದಾರೆ ಎಂದು ತಿಳಿಯಲೆಂದೇ ಮೇಡಂ ಬಂದದ್ದಂತೆ. ಅದರಂತೆ, ಇಷ್ಟು ಚಿಕ್ಕ ವಯಸ್ಸಿನಲ್ಲಿ ಆರು ಮಂದಿ ಹಿರಿಯರನ್ನು ಪ್ರೀತಿಯಿಂದ ನೋಡಿಕೊಳ್ಳುತ್ತಿರುವ ಮೂರನೇ ಮಹಡಿಯ ದಂಪತಿಗೆ ಆ ಮನೆಯನ್ನು ಕೊಡಲಾಗಿದೆ.

ಹೆಂಡತಿ ಕಾಗದ ಓದಿ, ಮಡಚಿ, ನನ್ನ ಅಂಗಿಯ ಜೇಬಿನಲ್ಲಿಟ್ಟಳು. "ಹಾಲು ಕಾಯಿಸೋ ಚೀಟಿ ಜೊತೆ ಇಟ್ಟುಕೊಳ್ಳಿ" ಅಂದಳು.

ಆ ಮನೆಯ ಗೃಹಪ್ರವೇಶಕ್ಕೆ ಹಿರಿಯರೆಂದು ಹಾಲು ಉಕ್ಕಿಸಿದ್ದು ನನ್ನ ಅಮ್ಮ. ಒಲೆಯ ಗುಂಡಿಗಳ ಮೇಲೆ ಮೊದಲೇ ಟವೆಲ್ ಹಾಸಿದ್ದರು, ಒಲೆಗೆ ಏನೂ ಆಗಲಿಲ್ಲ. ಚಪ್ಪಲಿಗಳೆಲ್ಲ ತೋಟದಲ್ಲಿ. ಊಟ ಆದ ಮೇಲೆ ಕಂಪನಿಯವರು ಆರೂ ಜನಕ್ಕೆ ಫೋಟೋ ಇರುವ ಪಾಸ್ ಕೊಟ್ಟರು. ಅಮ್ಮ ಪಾಸನ್ನು ಕೊರಳಿಗೆ ಹಾಕಿಕೊಂಡು, ನಮ್ಮ ಮನೆಗೆ ಬಂದು, ಪೆಟ್ಟಿಗೆ ಎತ್ತಿಕೊಂಡರು.

"ಎಲ್ಲಿಗೆ?" ಅಂದೆ.

"ಕಾಗ್ದದಲ್ಲ್ ನಾನ್ ಅಲ್ಲೇ ಇಪ್ಪುದಲ್ದಾ?" ಅಂದರು.

ಈಗ ಅಮ್ಮನಿಗೆ ಅಲ್ಲಿ ಕಿಟಕಿಯಿರುವ ಸ್ವಂತ ಕೋಣೆ, ತೋಟದಲ್ಲಿ ಎರಡು ಬಸಳೆ ಬಳ್ಳಿ. ಉಳಿದ ಐವರೂ ಬೆಳಗ್ಗೆ ಬಂದು ಸಂಜೆ ಹೋಗುತ್ತಾರೆ. ನಾನೂ ದಿನಾ ಕೆಲಸ ಮುಗಿಸಿ ಅಲ್ಲಿಗೇ ಹೋಗಿ ಊಟ ಮಾಡುತ್ತೇನೆ.

ಹೋದ ವಾರ ಹಾಗೆ ಉಂಡು ಅಲ್ಲಿಯ ಸೋಫಾದ ಮೇಲೆ ನಿದ್ದೆ ಹೋಗಿದ್ದೆ. ಕಣ್ಣು ಬಿಟ್ಟರೆ ಎದುರಿಗೆ ಹೌಸಿಂಗ್ ಮೇಡಂ, ಹೊಸ ಮನೆ ಹೇಗಿದೆ ಅಂತ ವಿಚಾರಿಸಲು ಬಂದವರು. ನಾನು ಧಡಕ್ಕನೆ ಎದ್ದು ಥ್ಯಾಂಕ್ಸ್ ಅಂದೆ.

"ನೀವು ಮೊದಲ ಮಹಡಿಯವರಲ್ಲವೇ? ಇಲ್ಲಿ ಅತಿಥಿಯೇ? ಅತಿಥಿಗಳಿಗೆ ಹದಿನಾಲ್ಕು ರಾತ್ರಿ ಮಾತ್ರ, ಗೊತ್ತಲ್ಲ" ಎಂದು ನಗುತ್ತ, ಆದರೂ ಪಟ್ಟಿ ತೆರೆದು ಪೆನ್ನು ನನ್ನ ಕೈಗೆ ಕೊಟ್ಟರು. ಅತಿಥಿಯ ಹೆಸರು: ಬರೆದೆ. ಯಾರನ್ನು ನೋಡಲು ಬಂದದ್ದು: ಅಮ್ಮನ ಹೆಸರು ಬರೆದೆ. ಅವರಿಗೂ ನಿಮಗೂ ಏನು ಸಂಬಂಧ: ಪೆನ್ನು ನಿಂತಿತು. ಮಗ ಅಂತ ಬರೆದರೆ ಅಂದು ಹೇಳಿದ ಸುಳ್ಳು ಹೊರಬೀಳುತ್ತದೆ. 'ನೆರೆಮನೆಯವರು' ಎಂದು ಬರೆದೆ.

ಅಮ್ಮ ನನ್ನ ಭುಜದ ಹಿಂದಿನಿಂದ ಇಣುಕಿ, ಏನು ಬರೆದ ಎಂದು ಆ ಹುಡುಗಿಯನ್ನು ಕೇಳಿದರು. ಅವಳು ಹೇಳಿದಳು. ಅಮ್ಮ ಮೇಡಂ ಕಡೆ ತಿರುಗಿ, ಇದನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳು ಅಂತ ಹುಡುಗಿಗೆ ತಾಕೀತು ಮಾಡಿ, ನನ್ನ ತಲೆಯ ಮೇಲೆ ಕೈಯಿಟ್ಟರು:

"ಒಳ್ಳೆ ಜನ. ದಿನಾ ಬತ್ರ್. ಪಾಪ, ಅವ್ರ್ ಮನಿಯಲ್ಲ್ ಹಿರಿಯರ್ ಯಾರೂ ಇಲ್ಲೆ ಅಂಬ್ರ್."